ಹುರುಳಿ ಹಾಸಿದ ತಿರುವು

ಅಣ್ಣ ಮಾತಿಗೆ ಸಿಗುವುದು ಬೆಳಗಿನ ಹಾಲನ್ನು ಡೇರಿಗೆ ಹಾಕಿ ಬಂದ ಮೇಲೆ ಮಾತ್ರ. ಸಂಕ್ರಾಂತಿ ಕಳೆದ ವಾರ ಅಂಥ ಹೊತ್ತು ನೋಡಿಯೇ ಫೋನ್ ಮಾಡಿದೆ. ಬರುವ ಭಾನುವಾರ ಗೊರೂರಿನಲ್ಲಿ ಟ್ರಯಥ್ಲಾನ್ ಇದೆ, ಹಿನ್ನೀರಿನಲ್ಲಿ ಈಜಬೇಕು, ದಡಕ್ಕೆ ಬಂದವರೇ ಸೈಕಲ್ ಹತ್ತಿ ಕಟ್ಟಾಯದ ಕಡೆಗೆ ಹೋಗಿ ವಾಪಸ್ ಬರಬೇಕು, ಕೊನೆಗೆ ನಾಲೆ ಏರಿಯ ಮೇಲೆ ಓಡಬೇಕು, ನಡುವೆ ಕೂತು ಸುಧಾರಿಸಿಕೊಳ್ಳುವ ಹಾಗಿಲ್ಲ, ನಾನೂ ಹೆಸರು ಕೊಟ್ಟಿದ್ದೇನೆ ಎಂದು ಒಂದೇ ಉಸಿರಿಗೆ ಹೇಳಿದೆ.

"ನಮ್ಮೂರ್ ಮುಂದ್ಲಿಂದ್ಲೇ ಓಯ್ತೀರಾ?" ಎಂದ.

"ಹೂಂ ಅಣ್ಣಯ್ಯ, ನಮ್ಮನೆ ತಿರುವಲ್ಲೇ. ಹೋಗ್ತಾ ಒಂದ್ಸಲ, ಬರ್ತಾ ಒಂದ್ಸಲ."

"ಎಷ್ಟ್ ಗಾಡಿ ಬತ್ತವೆ?"

ಅವನು ಇಷ್ಟು ಕೇಳಿದ್ದೇ ನನಗೆ ಹಬ್ಬ. ತುಂಬ ಸೈಕಲ್ ಬರುತ್ತವೆ, ಮುಂದೆ ಜೀಪು, ಹಿಂದೆ ಆಂಬುಲೆನ್ಸು, ನೋಡುವವರ ಕಾರುಗಳು, ಬೈಕುಗಳು ಎಂದು ಇದ್ದದ್ದಕ್ಕೆ ಇಲ್ಲದ್ದನ್ನೂ ಸೇರಿಸಿದೆ.

"ಎಷ್ಟೊತ್ಗೆ?"

"ಏಳಕ್ಕೆ ಶುರು."

"ಏಳಕ್ಕಾ? ಇಬ್ನಿ ಇರ್ತದಲ್ಲವ್ವ," ಎಂದು ಗೊಣಗಿ, "ಆಗ್ಲಿ ಬುಡು, ಒಳ್ಳೇದೇ ಆಯ್ತು" ಎಂದ.

ಇಬ್ಬನಿಯಲ್ಲಿ ತಂಗಿಗೆ ಶೀತವಾಗುತ್ತದೆಂದು ಅಣ್ಣನಿಗೆ ಕಳವಳ! ಆ ಒಂದು ಮಾತನ್ನು ಇಡೀ ವಾರ ಬಾಯಲ್ಲಿ ಕಲ್ಲುಸಕ್ಕರೆಯ ಹಾಗೆ ಇಟ್ಟುಕೊಂಡು ಓಡಾಡಿದೆ. ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ.

ನಾನು ಹಾಸನದಲ್ಲಿ ಹೈಸ್ಕೂಲು ಮೇಷ್ಟ್ರು. ಟೀಚರ್ ಎನ್ನಬೇಕಂತೆ, ಆದರೆ ನನ್ನ ಗಣಿತದ ಪೀರಿಯಡ್ಡು ಮುಗಿಸಿ ಬಂದ ಹುಡುಗರನ್ನು ಕೇಳಿದರೆ ಅವರೂ ಮೇಷ್ಟ್ರೇ ಅನ್ನುತ್ತಾರೆ. ನಲವತ್ತು ದಾಟಿದ ಮೇಲೆ ಈಜಿಗೆ ಹೋದೆ. ಈಜುಕೊಳದಲ್ಲಿ ಹೆಂಗಸರ ಹೊತ್ತು ಎಂದು ಕೊಡುವುದು ಗಂಡಸರೆಲ್ಲ ಮಿಂದು ಎದ್ದು, ಬಿಸಿಲು ನೆತ್ತಿಗೆ ಬಂದ ಮೇಲೆ. ಅದೂ ಭಾನುವಾರ ಮತ್ತು ರಜೆಯ ದಿನ ಮಾತ್ರ ನನಗೆ ದಕ್ಕುತ್ತಿತ್ತು. ಸೈಕಲ್ಲನ್ನು ಬೆಳಗಿನ ಜಾವ ಹೊಳೆನರಸೀಪುರದ ರಸ್ತೆಯಲ್ಲಿ ತುಳಿದೆ. ಹಾಲಿನ ಕ್ಯಾನು ಕಟ್ಟಿಕೊಂಡ ಬೈಕಿನವರು ಹಿಂದಿನಿಂದ ಬಂದು, ಪಕ್ಕಕ್ಕೆ ತಂದು, ಮುಖ ನೋಡಿ, "ಓ, ಆಂಟಿ ಕಣ್ಲಾ" ಎಂದು ಮುಂದೆ ಹೋಗುತ್ತಿದ್ದರು. ಮನೆಯವರು ಮಾತ್ರ ಏನೂ ಅನ್ನಲಿಲ್ಲ. ಉಪ್ಪಿಟ್ಟು ತಾವೇ ಕೆದಕಿಕೊಂಡು ತಿಂದು ಆಫೀಸಿಗೆ ಹೋಗುತ್ತಿದ್ದರು.

ಇಷ್ಟೆಲ್ಲ ಯಾತಕ್ಕೆ ಎಂದು ಕೇಳಿದವರಿಗೆ ಆರೋಗ್ಯಕ್ಕೆ ಎನ್ನುತ್ತಿದ್ದೆ. ಸುಳ್ಳು. ಅಣ್ಣ ನೋಡಲಿ ಎಂಬುದಕ್ಕೆ.

ಈಜು ಕಲಿಸಿದವನು ಅವನೇ. ಊರ ಕೆರೆಯಲ್ಲಿ, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ, ತೂಬಿನ ಮೇಲಿಂದ ತಳ್ಳಿದ್ದ. ನಾನು ನೀರು ಕುಡಿದು ಮೇಲೆ ಬಂದಾಗ ದಡದ ಮೇಲೆ ನಿಂತು ಕೈ ತಟ್ಟಿ ನಕ್ಕವನೂ ಅವನೇ. ಆ ನಗು ನನಗೆ ಬಹಳ ಇಷ್ಟವಿತ್ತು. ನಾನು ದೊಡ್ಡವಳಾದೆ, ಕೆರೆ ಬಂದ್ ಆಯಿತು. ಓಟ ಉಳಿದಿತ್ತು. ಹತ್ತನೇ ತರಗತಿಯಲ್ಲಿ ತಾಲ್ಲೂಕಿಗೆ ಮೊದಲು ಬಂದು, ಜಿಲ್ಲಾ ಕ್ರೀಡಾಕೂಟಕ್ಕೆ ಹಾಸನದ ಬಸ್ಸು ಹತ್ತಿ ಕೂತಿದ್ದೆ. ಅಪ್ಪ ಹೂಂ ಅಂದಿದ್ದ. ಅಣ್ಣ ಆಗ ಕಾಲೇಜಿನಲ್ಲಿದ್ದ. ಅವನ ಗೆಳೆಯರಲ್ಲಿ ಯಾರೋ ಏನೋ ಅಂದಿರಬೇಕು. ಬಸ್ಸಿನೊಳಕ್ಕೆ ಹತ್ತಿ ಬಂದು ನನ್ನ ಕೈ ಹಿಡಿದು ಎಬ್ಬಿಸಿದ. "ಹೆಣ್ಣೈಕ್ಳು ಚಡ್ಡಿ ಆಕ್ಕಂಡು ಊರೋರ್ ಮುಂದೆ ಓಡೋದಾ? ಇಳಿ ಕೆಳ್ಕೆ" ಎಂದ. ಬಸ್ಸಿನ ತುಂಬ ನನ್ನ ಶಾಲೆಯವರೇ ಇದ್ದರು. ಇಳಿದೆ. ಮನೆಯವರೆಗೂ ಅವನು ಮುಂದೆ, ನಾನು ಹಿಂದೆ. ಆಮೇಲೆ ಆ ವಿಷಯ ಮನೆಯಲ್ಲಿ ಯಾರೂ ಎತ್ತಲಿಲ್ಲ. ನನ್ನ ಮದುವೆ ಅವನೇ ನಿಂತು ಮಾಡಿದ, ಬಾಣಂತನಕ್ಕೆ ಕರೆದುಕೊಂಡು ಹೋದ, ಗೌರಿ ಹಬ್ಬಕ್ಕೆ ಬಾಗಿನ ತಪ್ಪಿಸಿಲ್ಲ. ಅವನ ಮೇಲೆ ದೂರು ಹೇಳಿದರೆ ಹುಳ ಬಿದ್ದು ಸಾಯುತ್ತೀಯ ಎನ್ನುತ್ತಾರೆ ನಮ್ಮ ಕಡೆಯವರು. ಬೀಳಲಿ. ಬಸ್ಸಿನಿಂದ ಇಳಿಸಿದವನು ಒಂದು ಸಲ ರಸ್ತೆ ಪಕ್ಕ ನಿಂತು, ನಾನು ಎಲ್ಲರಿಗಿಂತ ಮುಂದೆ ಹೋಗುವುದನ್ನು ಕಣ್ಣಾರೆ ನೋಡಬೇಕು ಎಂದಷ್ಟೇ ನನ್ನ ಆಸೆ ಇತ್ತು. ಮೆಚ್ಚಬೇಕು ಎಂದೂ ಇರಲಿಲ್ಲ.

ಭಾನುವಾರ ಕತ್ತಲಿರುವಾಗಲೇ ಗೊರೂರು ಸೇರಿದೆವು. ಮಂಜಿನಲ್ಲಿ ಹಿನ್ನೀರು ಕಾಣುತ್ತಲೇ ಇರಲಿಲ್ಲ, ತೆಪ್ಪದವರು ಕೆಮ್ಮುವ ಸದ್ದು ಮಾತ್ರ ಕೇಳುತ್ತಿತ್ತು. ಮುಳುಗುವವರನ್ನು ಎತ್ತಲು ಮೀನು ಹಿಡಿಯುವವರನ್ನೇ ಗೊತ್ತುಮಾಡಿದ್ದರು. ನಾವು ತೊಟ್ಟಿದ್ದು ಒಂದೇ ತುಂಡಿನ ಬಿಗಿ ಉಡುಪು, ತೊಡೆಯ ಅರ್ಧಕ್ಕೆ ನಿಲ್ಲುವಂಥದ್ದು. ಚಳಿ ಮೂಳೆಗೆ ಇಳಿಯುತ್ತಿತ್ತು. ಏಳಾಯಿತು. ಬಾವುಟ ಬೀಸಬೇಕಾದ ಮುಖ್ಯ ಅತಿಥಿಗಳು ಬಂದಿರಲಿಲ್ಲ.

ಈ ಸ್ಪರ್ಧೆ ನಡೆಸಿದ್ದು ಹಾಸನದ ಸೈಕಲ್ ಗೆಳೆಯರ ಒಂದು ಗುಂಪು. ಅವರ ಮುಂದಾಳು ಒಬ್ಬ ಹಲ್ಲಿನ ಡಾಕ್ಟರು, ಒಳ್ಳೆಯ ಮನುಷ್ಯ. ಆದರೆ ನಮ್ಮಲ್ಲಿ ಒಳ್ಳೆಯ ಮನುಷ್ಯನಿಗೂ ವೇದಿಕೆ ಇಲ್ಲದೆ ಕೆಲಸ ಮಾಡಲು ಬರುವುದಿಲ್ಲ. ಶಾಮಿಯಾನ ಹಾಕಿಸಿ, ಮೇಜಿಗೆ ಬಟ್ಟೆ ಹೊದಿಸಿ, ಐದು ಕುರ್ಚಿ ಇಟ್ಟು, ದೀಪ ತಂದಿಟ್ಟಿದ್ದರು. ಅತಿಥಿ ಬಂದಾಗ ಬಿಸಿಲು ಏರಿತ್ತು. ಬಂದ ಮೇಲೂ ಪ್ರಾರ್ಥನೆ, ಸ್ವಾಗತ, ಪೇಟ, ಶಾಲು, ಹಣ್ಣಿನ ಬುಟ್ಟಿ. ಆಮೇಲೆ ಆರೋಗ್ಯವೇ ಭಾಗ್ಯ ಎಂಬುದರ ಮೇಲೆ ಭಾಷಣ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಾವು ಬರಿಗಾಲಲ್ಲಿ ಕಲ್ಲಿನ ಮೇಲೆ ನಿಂತು ಕಾಲು ಬದಲಾಯಿಸುತ್ತಾ ಕೇಳಿದೆವು. ಅಷ್ಟು ಹೊತ್ತಿಗೆ ಮಂಜು ಹರಿದು, ಇಬ್ಬನಿ ಆರಿ, ದಡದ ಹುಲ್ಲು ಗರಿಗರಿಯಾಗಿತ್ತು. ಇಬ್ಬನಿ ಆರುವುದಕ್ಕೂ ನನ್ನ ಹಣೆಬರಹಕ್ಕೂ ಸಂಬಂಧವಿದೆ ಎಂದು ನನಗೆ ಆಗ ಎಲ್ಲಿ ಗೊತ್ತು?

ಗಂಡಸರನ್ನು ಮೊದಲು ಬಿಟ್ಟರು. ಅವರು ತುಳಿದು ಕದಡಿದ ನೀರಿಗೆ ನಮ್ಮನ್ನು ಬಿಟ್ಟರು. ಗಾಳಿ ಎದ್ದು ಅಲೆ ಹೊಡೆಯುತ್ತಿತ್ತು. ಈಜುಕೊಳದಲ್ಲಿ ಕಲಿತ ಹುಡುಗಿಯರು ತಳ ಕಾಣದ ನೀರು ನೋಡಿ ಗಾಬರಿಯಾಗಿ ತಲೆ ಎತ್ತೆತ್ತಿ ಈಜಿದರು. ನನಗೆ ತಳ ಕಾಣದ ನೀರೇ ತವರು. ಪಾಚಿಯ ವಾಸನೆ ಮೂಗಿಗೆ ಬಂದದ್ದೇ ತಡ ಕೈಕಾಲಿಗೆ ಎಲ್ಲ ನೆನಪಾಯಿತು. ಗುರುತಿಗೆಂದು ನೀರಿನ ಮೇಲೆ ತೇಲಿಬಿಟ್ಟಿದ್ದ ಕಿತ್ತಳೆ ಬಣ್ಣದ ಬುಗ್ಗೆಯನ್ನು ಸುತ್ತಿ ಬಂದು ದಡಕ್ಕೆ ಕೈ ಹಾಕಿದಾಗ, ಹೆಂಗಸರಲ್ಲಿ ನಾನೇ ಮೊದಲು. ಬ್ಯಾಗು ಕಾಯುತ್ತಿದ್ದ ಮನೆಯವರು, "ಮೊದಲು! ಮೊದಲು!" ಎಂದು ಕೂಗಿ ಟವಲ್ಲನ್ನು ಕೆಳಗೆ ಬೀಳಿಸಿದರು. ಅವರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಸೈಕಲ್ ಹತ್ತಿದೆ. ಹೆಲ್ಮೆಟ್ಟು, ಕಪ್ಪು ಕನ್ನಡಕ. ಒದ್ದೆ ಮೈಗೆ ಗಾಳಿ ಬಡಿದು ಹಲ್ಲು ಕಟಕಟ ಅನ್ನುತ್ತಿದ್ದರೂ ನಾನು ನಗುತ್ತಿದ್ದೆ. ಹಿಂದೆ ತಿರುಗಿ ನೋಡಿದರೆ ಚನ್ನರಾಯಪಟ್ಟಣದ ಒಬ್ಬಳು ಹುಡುಗಿ ಮಾತ್ರ ದೂರದಲ್ಲಿ ಕಾಣುತ್ತಿದ್ದಳು. ನಮ್ಮೂರ ತಿರುವು ಬಂತು. ಅಣ್ಣನ ಮನೆ ರಸ್ತೆಗೆ ಮುಖ ಮಾಡಿಯೇ ಇದೆ. ತಿರುವಿನಲ್ಲಿ ಬಾವುಟ ಹಿಡಿದು ನಿಂತ ಸ್ಪರ್ಧೆಯವರೊಬ್ಬರನ್ನು ಬಿಟ್ಟರೆ ಜಗಲಿಯ ಮೇಲೆ ಯಾರೂ ಇಲ್ಲ. ರಸ್ತೆ ಪಕ್ಕ ಹುರುಳಿ ಗಿಡದ ಹೊರೆಗಳು ಒಟ್ಟಿದ್ದವು, ಒಂದು ಕರು ಅದಕ್ಕೆ ಬಾಯಿ ಹಾಕಿ ನಿಂತಿತ್ತು. ಮನೆಯ ಕಡೆಯಿಂದ ಕರುವೊಂದೇ ನನ್ನನ್ನು ನೋಡಿತು. ಮತ್ತೊಮ್ಮೆ ತಿರುಗಿ ಜಗಲಿ ನೋಡಿದೆ. ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಏಳು ಗಂಟೆ ಎಂದಿದ್ದೆ, ಕಾದು ಕಾದು ಒಳಗೆ ಹೋಗಿರುತ್ತಾನೆ. ಜೀಪು ಹೋದ ಸದ್ದು ಕೇಳಿ ಈಗ ಬರುತ್ತಾನೆ. ವಾಪಸ್ ಬರುವಾಗ ಇದ್ದೇ ಇರುತ್ತಾನೆ.

ಈ ಸಮಾಧಾನ ನಿಜವೂ ಆಯಿತು. ಕಟ್ಟಾಯದ ಹತ್ತಿರ ತಿರುಗಿ, ಇಳಿಜಾರಿನಲ್ಲಿ ಬಿಟ್ಟ ಬಾಣದ ಹಾಗೆ ಬರುತ್ತಿದ್ದೆ. ದೂರದಿಂದಲೇ ಕಂಡಿತು: ತಿರುವಿನ ರಸ್ತೆ ಬದಿಯಲ್ಲಿ ಜನ ನಿಂತಿದ್ದಾರೆ. ಅತ್ತಿಗೆಯ ಹಸಿರು ಸೀರೆ, ಅಕ್ಕಪಕ್ಕದ ಮನೆಯವರು, ಅವರ ಮುಂದೆ ಹೆಗಲ ಮೇಲೆ ಕೆಂಪು ಟವಲ್ಲು ಹಾಕಿಕೊಂಡ ಅಣ್ಣ. ಸೊಂಟದ ಮೇಲೆ ಕೈ ಇಟ್ಟು, ನಾನು ಬರುವ ದಿಕ್ಕಿಗೇ ಕಣ್ಣು ನೆಟ್ಟಿದ್ದಾನೆ. ಕೆರೆಯ ದಡದಲ್ಲಿ ನಿಂತವನ ಹಾಗೆಯೇ ಕಂಡ. ಕಣ್ಣು ತುಂಬಿ ಬಂತು. ಬಲಗೈ ಎತ್ತಿ ಬೀಸಿದೆ.

ಮುಂದಿನ ಚಕ್ರ ಹುರುಳಿಗೆ ನುಗ್ಗಿದ್ದು ಆಗ.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಕಣ ಮಾಡಿ, ಸಗಣಿ ಸಾರಿಸಿ, ಎತ್ತು ಕಟ್ಟಿ ಬೆಳೆಯ ಮೇಲೆ ಕಲ್ಲುಗುಂಡು ಹೊಡೆಯುವ ಕಾಲ ಹೋಯಿತು. ಈಗ ಡಾಂಬರು ರಸ್ತೆಯೇ ಕಣ, ಬಸ್ಸು ಲಾರಿಗಳೇ ಎತ್ತು. ಹುರುಳಿಯನ್ನೋ ರಾಗಿಯನ್ನೋ ರಸ್ತೆಗೆ ಹಾಸಿದರೆ ಬಂದ ಗಾಡಿಯೆಲ್ಲ ತುಳಿದು ಕಾಳು ಉದುರಿಸುತ್ತದೆ. ಬೈಕಿನವರು ಜಾರಿ ಬೀಳುತ್ತಾರೆ, ಬೈಯುತ್ತಾರೆ, ಎದ್ದು ಹೋಗುತ್ತಾರೆ. ಇಬ್ಬನಿ ಇದ್ದರೆ ಮಾತ್ರ ಹಾಸುವ ಹಾಗಿಲ್ಲ, ಕಾಯಿ ಮೆತ್ತಗಿದ್ದು ಸಿಡಿಯುವುದಿಲ್ಲ. ಅಣ್ಣ ಆ ದಿನ ಫೋನಿನಲ್ಲಿ ಚಿಂತಿಸಿದ್ದು ಆ ಇಬ್ಬನಿಗೆ. ಎಷ್ಟು ಗಾಡಿ ಎಂದು ಕೇಳಿದ್ದು ಅದಕ್ಕೆ. ಆಂಬುಲೆನ್ಸು, ಜೀಪು, ಕಾರು ಎಂದು ನಾನು ಕೊಚ್ಚಿಕೊಂಡಿದ್ದನ್ನು ಕೇಳಿ, ವಾರದಿಂದ ಕಿತ್ತು ಒಟ್ಟಿದ್ದ ಹುರುಳಿಯನ್ನೆಲ್ಲ ಆ ಭಾನುವಾರಕ್ಕೆಂದೇ ಇಟ್ಟುಕೊಂಡಿದ್ದ. ಊರಿಗೂ ಸುದ್ದಿ ಹೇಳಿದ್ದ. ಮುಖ್ಯ ಅತಿಥಿಗಳ ಕೃಪೆಯಿಂದ ಇಬ್ಬನಿಯೂ ಆರಿತ್ತು. ನಾನು ಅತ್ತ ದಾಟಿದ ಮೇಲೆ, ಗಂಡಸರ ಜೊತೆ ಜೀಪು ವಾಪಸ್ ಹೋದದ್ದೇ, ಇನ್ನು ಕಾರುಗಳು ಬರುತ್ತವೆ ಎಂದು ಮನೆಮಂದಿಯೆಲ್ಲ ಸೇರಿ ತಿರುವಿನುದ್ದಕ್ಕೂ ಮೊಣಕಾಲುದ್ದ ಹಾಸಿಬಿಟ್ಟಿದ್ದರು.

ಅಲ್ಲಿ ಎಚ್ಚರಿಕೆ ಕೊಡಲೆಂದು ನಿಲ್ಲಿಸಿದ್ದ ಬಾವುಟದವರು, ಅವರೂ ಒಬ್ಬ ಕಾಲೇಜು ಲೆಕ್ಚರರು, ಅಣ್ಣನ ಜಗಲಿಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದರು. ಬಾವುಟ ಪಕ್ಕದಲ್ಲಿ ಗೋಡೆಗೆ ಒರಗಿಸಿತ್ತು. ಬಾಗಿಲಿಗೆ ಬಂದವರನ್ನು ತಿಂಡಿ ಕೊಡದೆ ಕಳಿಸುವ ಮನೆಯಲ್ಲ ನಮ್ಮದು.

ಪಕ್ಕೆ ಮೇಲೆ ಬಿದ್ದು, ಹುರುಳಿಯ ಜೊತೆಗೇ ಜಾರಿಕೊಂಡು ಹೋದೆ. ಮೊಣಕೈ ಮೊಣಕಾಲಿನ ಚರ್ಮ ಡಾಂಬರಿಗೆ ಹೋಯಿತು. ಹಿಂದಿನ ಚಕ್ರದ ಹಲ್ಲಿಗೆ ಬಳ್ಳಿ ಸುತ್ತಿಕೊಂಡು, ಗೇರು ಬದಲಿಸುವ ಕೊಂಡಿ ಸೊಟ್ಟಗಾಯಿತು. ಮೊದಲು ನನ್ನ ಹತ್ತಿರ ಓಡಿ ಬಂದವನು ಅಣ್ಣನೇ. ಕೈಯಲ್ಲಿ ಹುರುಳಿ ತಿರುವುವ ಕವೆಗೋಲು.

"ಯಾವೂರೋಳವ್ವ ನೀನು? ಕಣ್ ಕಾಣಕಿಲ್ವಾ? ಒಂದು ಕೈ ಬುಟ್ಕಂಡು ಸೈಕಲ್ ವಡೀತಾರಾ? ನೋಡು, ಹುರುಳಿ ಎಲ್ಲಾ ಚರಂಡಿಗೋಯ್ತು!"

ಕನ್ನಡಕ ತೆಗೆದೆ. "ಅಣ್ಣಯ್ಯ, ನಾನು" ಎಂದೆ.

ಅವನ ಮುಖ ನನಗೆ ಸಾಯುವವರೆಗೂ ಮರೆಯುವುದಿಲ್ಲ. ಮೊದಲು ನನ್ನ ಮುಖ ನೋಡಿದ. ಆಮೇಲೆ ನನ್ನ ಕಾಲು ನೋಡಿದ. ರಕ್ತವನ್ನಲ್ಲ, ಕಾಲನ್ನು. ಆಮೇಲೆ ಹಿಂದೆ ತಿರುಗಿ, ಯಾರು ಯಾರು ನೋಡುತ್ತಿದ್ದಾರೆ ಎಂದು ಊರವರನ್ನು ನೋಡಿದ. ಹೆಗಲ ಮೇಲಿನ ಟವಲ್ಲು ತೆಗೆದು ನನ್ನ ತೊಡೆಯ ಮೇಲೆ ಎಸೆದ. "ಮೊದ್ಲು ಮುಚ್ಕೊ" ಎಂದ, ಹಲ್ಲು ಕಚ್ಚಿ, ನನಗೊಬ್ಬಳಿಗೇ ಕೇಳುವ ಹಾಗೆ.

ಮತ್ತೆ ಆ ಬಸ್ಸು. ಇಷ್ಟು ವರ್ಷದ ಮೇಲೆ, ಈ ವಯಸ್ಸಿನಲ್ಲಿ, ಇಬ್ಬರು ಮಕ್ಕಳ ತಾಯಿಯನ್ನು ಮತ್ತೆ ಅದೇ ಬಸ್ಸಿನಿಂದ ಇಳಿಸಿದ.

ಟವಲ್ಲನ್ನು ಮುದ್ದೆ ಮಾಡಿ ಅವನ ಹುರುಳಿಯ ಮೇಲೆ ಒಗೆದೆ. ಅತ್ತಿಗೆ, "ಅಯ್ಯೋ ನನ್ನವ್ವ, ರಕ್ತ ಸುರೀತೈತೆ, ಒಳಿಕ್ ಬಾ, ಅರಿಸಿನ ಆಕ್ತೀನಿ" ಎಂದು ಕೈ ಹಿಡಿದಳು. ಅವಳ ಕೈಯನ್ನೂ ಬಿಡಿಸಿಕೊಂಡೆ. ಅಷ್ಟರಲ್ಲಿ ಚನ್ನರಾಯಪಟ್ಟಣದ ಹುಡುಗಿ ಬಂದಳು. ದೂರದಲ್ಲೇ ಸೈಕಲ್ ಇಳಿದು, ಹೆಗಲಿಗೆ ಎತ್ತಿಕೊಂಡು, ಹುರುಳಿಯ ಮೇಲೆ ಗದ್ದೆ ನಾಟಿಯವರ ಹಾಗೆ ಕಾಲೆತ್ತಿ ಇಡುತ್ತಾ ನಡೆದು ಬಂದಳು. "ಮೇಡಂ, ಜಾಸ್ತಿ ಪೆಟ್ಟಾಯ್ತಾ?" ಎಂದಳು. ಇಲ್ಲ, ನೀನು ಹೋಗು ಎಂದೆ. ಹೋದಳು. ಹೋಗದೆ ಏನು ಮಾಡುತ್ತಾಳೆ?

ಅವಳಿಗೆ ಕಂಡ ಹುರುಳಿ ನನಗೆ ಯಾಕೆ ಕಾಣಲಿಲ್ಲ? ನಾನೂ ಅದೇ ರಸ್ತೆಯಲ್ಲಿ ಹುಟ್ಟಿ ಬೆಳೆದವಳು, ಎಷ್ಟೋ ಸುಗ್ಗಿಯಲ್ಲಿ ನಾನೇ ಹಾಸಿ ತಿರುವಿದವಳು. ಮೈಲಿ ದೂರದಿಂದ ಗುರುತು ಹಿಡಿಯಬಲ್ಲೆ. ಆದರೆ ನಾನು ರಸ್ತೆ ನೋಡುತ್ತಿರಲಿಲ್ಲ. ರಸ್ತೆ ಪಕ್ಕದಲ್ಲಿ ನಿಂತವನನ್ನು ನೋಡುತ್ತಿದ್ದೆ.

ಬಳ್ಳಿ ಕಿತ್ತು ಹಾಕಿ, ಇದ್ದ ಒಂದೇ ಗೇರಿನಲ್ಲಿ ಗೊರೂರಿನವರೆಗೆ ತುಳಿದೆ. ದಾರಿಯಲ್ಲಿ ಇನ್ನಿಬ್ಬರು ಹುಡುಗಿಯರು ದಾಟಿಕೊಂಡು ಹೋದರು. ಮನೆಯವರು ನನ್ನ ಕಾಲು ನೋಡಿ, "ಸಾಕು, ನಿಲ್ಲಿಸು" ಎಂದರು. ನಿಲ್ಲಿಸಲಿಲ್ಲ. ನಾಲೆ ಏರಿಯ ಮೇಲೆ ಓಡಿದೆ. ಮಂಡಿ ಮಡಚಲು ಆಗುತ್ತಿರಲಿಲ್ಲ, ಸಾಕ್ಸಿನೊಳಗೆ ಹುರುಳಿ ಕಾಳು ಸೇರಿಕೊಂಡು ಪಾದ ಚುಚ್ಚುತ್ತಿತ್ತು. ಓಡುವ ಕುದುರೆಗೆ ಹುರುಳಿ ತಿನ್ನಿಸುತ್ತಾರೆ, ಕಾಲಡಿಗೆ ಯಾರೂ ಹಾಕುವುದಿಲ್ಲ. ಅಳುತ್ತಾ ಓಡಿದೆ ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ. ಇಷ್ಟಾದರೂ ಒಂದು ಆಸೆ ಸತ್ತಿರಲಿಲ್ಲ, ಅದಕ್ಕೆ ನಾಚಿಕೆಯಾಗುತ್ತದೆ. ನನ್ನನ್ನು ಆ ಸ್ಥಿತಿಯಲ್ಲಿ ನೋಡಿದ ಮೇಲೆ, ಅಣ್ಣ ಬೈಕು ಹತ್ತಿ ಹಿಂದೆಯೇ ಬಂದಿರುತ್ತಾನೆ, ಓಟ ಮುಗಿಯುವ ಗೆರೆಯ ಹತ್ತಿರ ನಿಂತಿರುತ್ತಾನೆ ಎಂದುಕೊಂಡೆ. ಗೆರೆ ದಾಟಿ ಎಲ್ಲ ಮುಖಗಳನ್ನೂ ಹುಡುಕಿದೆ. ಇರಲಿಲ್ಲ. ಕೊರಳಿಗೆ ಯಾರೋ ಪದಕ ಹಾಕಿದರು. ಮುಗಿಸಿದವರಿಗೆಲ್ಲ ಒಂದೊಂದು ಕೊಡುವ ಪದಕ ಅದು. ಹಲ್ಲಿನ ಡಾಕ್ಟರು ಬಂದು ಕ್ಷಮೆ ಕೇಳಿದರು. ಯಾತಕ್ಕೆ ಎಂದು ಅವರಿಗೂ ಪೂರ್ತಿ ಗೊತ್ತಿರಲಿಲ್ಲ.

ಹಾಸನಕ್ಕೆ ವಾಪಸ್ ಹೋಗುವ ದಾರಿಯಲ್ಲೇ ಊರು. ತವರಿನ ಮುಂದೆ ಹಾದು ಹೋಗಿ ಊಟಕ್ಕೆ ಇಳಿಯದಿದ್ದರೆ ವರ್ಷಗಟ್ಟಲೆ ಮಾತಾಗುತ್ತದೆ ಎಂದು ಮನೆಯವರೇ ಕಾರು ನಿಲ್ಲಿಸಿದರು. ನಾನು ಚೂಡಿದಾರ ಹಾಕಿಕೊಂಡಿದ್ದೆ. ರಸ್ತೆ ಗುಡಿಸಿ ಸ್ವಚ್ಛವಾಗಿತ್ತು. ಅಂಗಳದಲ್ಲಿ ಹುರುಳಿ ರಾಶಿಯಾಗಿ ಬಿದ್ದಿತ್ತು, ಅಣ್ಣ ಮೊರ ಹಿಡಿದು ಗಾಳಿಗೆ ತೂರುತ್ತಿದ್ದ. ಅತ್ತಿಗೆ ನನ್ನ ಕೈಗೆ ಅರಿಸಿನ ಹಚ್ಚಿ, ಮುದ್ದೆ ಬಡಿಸಿದಳು. ಅಣ್ಣ ಕೈ ತೊಳೆದು ಬಂದು ಎದುರಿಗೆ ಕೂತ. ಬಹಳ ಸಂತೋಷದಲ್ಲಿದ್ದ. ಬಟ್ಟೆ ಸರಿಯಾಗಿದ್ದುದರಿಂದ ನಾನು ಮತ್ತೆ ಅವನ ತಂಗಿಯಾಗಿದ್ದೆ.

"ಭಾವ, ನಿಮ್ ರೇಸ್‌ನೋರ್ ಕಾರೆಲ್ಲಾ ಆಮೇಲ್ ಬಂದ್ವು ನೋಡಿ, ಬಲೇ ವಕ್ಕಣೆ ಆಯ್ತು. ಒಂದೇ ಒಪ್ಪತ್ಗೆ ಮುಗ್ದೋಯ್ತು," ಎಂದು ಮನೆಯವರಿಗೆ ಹೇಳಿದ.

ಮನೆಯವರು ನನ್ನ ಮುಖ ನೋಡಿದರು. ನಾನು ತುತ್ತು ಕೈಯಲ್ಲೇ ಹಿಡಿದು ಕೇಳಿದೆ: "ಅಣ್ಣಯ್ಯ, ನೀರಿಂದ ನಾನೇ ಮೊದಲು ಬಂದಿದ್ದೆ. ಇಲ್ಲಿಗೂ ನಾನೇ ಮೊದಲು ಬಂದೆ. ನೋಡಿದ್ಯಾ?"

"ನೋಡ್ದೆ ಕಣವ್ವ. ಬಿದ್ದಿದ್ದು ನೋಡ್ದೆ."

"ಎದ್ದು ಹೋಗಿದ್ದು?"

ಅವನು ಮುದ್ದೆಯ ತುತ್ತನ್ನು ಸಾರಿಗೆ ಅದ್ದಿದ. ಸುಳ್ಳು ಹೇಳುವವನಲ್ಲ ನಮ್ಮಣ್ಣ.

"ಇಲ್ಲ ಕಣವ್ವ. ಹುರುಳಿ ಚರಂಡಿಗೋಗಿತ್ತಲ್ಲ, ಎಳಕತಿದ್ದೆ."

ತಲೆ ಬಗ್ಗಿಸಿ ಊಟ ಮುಗಿಸಿದೆ. ಹೊರಡುವಾಗ ಅತ್ತಿಗೆ ಕುಂಕುಮ ಇಟ್ಟಳು. ಅಣ್ಣ ಹೊಸ ಹುರುಳಿ ತುಂಬಿದ ಒಂದು ಚೀಲವನ್ನು ತಾನೇ ಹೊತ್ತು ತಂದು ಕಾರಿನಲ್ಲಿಟ್ಟ. ಬರುವ ವರ್ಷ ರೇಸು ಯಾವತ್ತು ಎಂದು ಮುಂಚೆಯೇ ಫೋನ್ ಮಾಡು ಎಂದ.

ಮನೆಗೆ ಬಂದು ಹುರುಳಿ ನೆನೆಹಾಕಿದೆ. ಬಟ್ಟೆಯಲ್ಲಿ ಕಟ್ಟಿಟ್ಟೆ. ಮೊಳಕೆ ಬಂದ ದಿನ ಸಾರು ಮಾಡಿ ಎಲ್ಲರಿಗೂ ಬಡಿಸಿದೆ. ಎಷ್ಟು ಚೆನ್ನಾಗಿದೆ ಎಂದು ಮಕ್ಕಳು ಎರಡನೇ ಸಲ ಹಾಕಿಸಿಕೊಂಡರು. ನಾನು ಮೊಸರನ್ನ ತಿಂದು ಎದ್ದೆ.